ಚಿಕ್ಕಮ್ಮಂಗೆ, ಆ ಕೊರಿಯನ್ ಸಿನಿಮಾ ಬಗ್ಗೆ

ಚಿಕ್ಕಮ್ಮ, ಟೈಪ್ ಮಾಡ್ತಾ ಕೂತ್ರೆ ಬೆಳಗಾಗತ್ತೆ, ಅದಕ್ಕೇ ವಾಯ್ಸಲ್ಲೇ ಹೇಳ್ತೀನಿ. ನಾನು ಹೇಳಿದ ‘ಏಪ್ರಿಲ್ ಸ್ನೋ’ ನೋಡಿ “ಥೂ, ಕಟ್ಕೊಂಡೋರನ್ನ ಬಿಟ್ಟು ಇದೇನು, ಯಾರಿಗೂ ಶಿಕ್ಷೇನೇ ಇಲ್ವಲ್ಲ” ಅಂತ ಗ್ರೂಪಲ್ಲಿ ಹಾಕಿದೀರಲ್ಲ, ಅದಕ್ಕೆ.

ಆ ಸಿನಿಮಾ 2005ರದ್ದು. ಆಗ ದಕ್ಷಿಣ ಕೊರಿಯಾದಲ್ಲಿ ಮದುವೆಯಾದೋರು ಬೇರೆಯವರ ಜೊತೆ ಸಂಬಂಧ ಇಟ್ಕೊಂಡ್ರೆ ಜೈಲೇ ಇತ್ತು, 2 ವರ್ಷದವರೆಗೆ. 2015ರಲ್ಲಷ್ಟೇ ಅವರ ಸಾಂವಿಧಾನಿಕ ಕೋರ್ಟು ಆ ಕಾನೂನು ತೆಗೆದುಹಾಕಿದ್ದು. ಕಾನೂನಿದ್ದಾಗ್ಲೂ ಡಿವೋರ್ಸಿಗೆ ಹಾಕಿದ್ರೇ ಕಂಪ್ಲೇಂಟ್ ತಗೋತಿದ್ರು. ಇಲ್ಲಿ ಯಾರ ಮೇಲೆ ಕೊಡೋದು ಹೇಳಿ? ಹೀರೋನ ಹೆಂಡ್ತಿ, ಹೀರೋಯಿನ್ ಗಂಡ, ಕದ್ದು ಸಂಬಂಧ ಇಟ್ಕೊಂಡಿದ್ದೋರು, ಒಂದೇ ಕಾರಲ್ಲಿ ಆಕ್ಸಿಡೆಂಟ್ ಆಗಿ ಇಬ್ರೂ ಪ್ರಜ್ಞೆ ಇಲ್ದೆ ಮಲಗಿದಾರೆ!

ನಂಗೆ ಹಿಡಿಸಿದ್ದೇ ಅದು. ಜಗಳ ಆಡೋಕಾದ್ರೂ ಎದುರಿಗಿರೋರು ಕಣ್ಣು ಬಿಡ್ಬೇಕಲ್ವಾ? ಹೊಟ್ಟೇಲಿ ಬೆಂಕಿ ಇಟ್ಕೊಂಡು ಅದೇ ಮನುಷ್ಯನ ಮೈ ಒರೆಸ್ಬೇಕು. ಆ ಆಸ್ಪತ್ರೆ ಕಾರಿಡಾರ್ ನೋಡ್ತಾ ನಂಗೆ ಅಪ್ಪ ಐಸಿಯುನಲ್ಲಿದ್ದ ದಿನ ನೆನಪಾಯ್ತು. ನೀವು ಫ್ಲಾಸ್ಕಲ್ಲಿ ಗಂಜಿ ತರ್ತಿದ್ರಿ, ಕುಡಿಯೋರಿಲ್ದೆ ಆರಿ ಹೋಗ್ತಿತ್ತು. ಆ ಥರದ್ದೇ ಸುಮ್ಮನೆ ಕೂರೋದು. ಡೈರೆಕ್ಟರ್ ಹರ್ ಜಿನ್-ಹೋ ಅದನ್ನ ಅವಸರ ಮಾಡಲ್ಲ. ನಿಮಗೆ ಬೋರ್ ಆಗಿದ್ದೂ ಅದಕ್ಕೇ ಇರ್ಬೇಕು.

ಇನ್ನೊಂದು, ಆ ಸಾವಿನ ಮನೆ ಸೀನು. ಅದೇ ಆಕ್ಸಿಡೆಂಟಲ್ಲಿ ಹೋದ ಹುಡುಗನ್ನ ನೋಡೋಕೆ ಹೀರೋ, ಹೀರೋಯಿನ್ ಇಬ್ರೂ ಹೋಗ್ತಾರೆ, ಆ ಮನೆಯೋರು ಇವರ ಮೇಲೇ ಕೂಗಾಡ್ತಾರೆ. ಮಾಡಿದೋರು ಬೆಡ್ ಮೇಲೆ, ತಲೆ ತಗ್ಸಿ ನಿಂತಿರೋರು ಇವರು. ಅಲ್ಲಿ ನಾನು ಸಿನಿಮಾ ನಿಲ್ಲಿಸಿ ನೀರು ಕುಡಿದು ಬಂದೆ.

ಆಮೇಲೆ ಇವರಿಬ್ರೇ ಹತ್ರ ಆಗ್ತಾರಲ್ಲ, ಅದು ಸರಿ ಅಂತ ನಾನೂ ಹೇಳಲ್ಲ. ಸಿನಿಮಾನೂ ಹೇಳಲ್ಲ. ಮನೆಕಡೆಯೋರು ಬಂದ್ರೆ ಅವಳು ಅವನ ರೂಮಲ್ಲಿ ಬಚ್ಚಿಟ್ಕೋಬೇಕಾಗತ್ತೆ, ಗಂಡ ಮಾಡಿದ್ದನ್ನೇ ಈಗ ತಾನು ಮಾಡ್ತಿದಾಳೆ. ಅವಳ ಗಂಡ ತೀರ್ಕೊಂಡ್ಬಿಡ್ತಾನೆ, ಒಂದು ಮಾತೂ ಕೇಳೋಕಾಗದೆ. ಇವನ ಹೆಂಡ್ತಿಗೆ ಎಚ್ಚರ ಆಗತ್ತೆ. ಅವಳು ಕಣ್ಣು ಬಿಡೋ ಹೊತ್ತಿಗೆ ಇವನಿಗೆ ಬೈಯೋಕೆ ಬಾಯೇ ಉಳಿದಿಲ್ಲ.

ನೀವು ಅಲ್ಲಿವರೆಗೂ ನೋಡಿದ್ರಾ, ಇಲ್ಲ ಚಿಕ್ಕಪ್ಪ ನ್ಯೂಸ್ ಹಾಕು ಅಂದ್ರು ಅಂತ ಮಧ್ಯದಲ್ಲೇ ಆಫ್ ಮಾಡಿದ್ರಾ? ನಿಜ ಹೇಳಿ.