‘ಕನೆಕ್ಷನ್ ರೆಫ್ಯೂಸ್ಡ್’ಗೆ ‘ನಿರಾಕರಿಸಲಾಗಿದೆ’ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆ ಕಡೆಯ ಶಾಲೆಯೊಂದರಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಸೇರಿಸಿ ಚಿಕ್ಕದೊಂದು ಸರ್ವರ್ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಯಂತ್ರಗಳ ಗುಂಪು) ಕಟ್ಟುತ್ತಿದ್ದೇವೆ. ಮುಂದೆ ಅದನ್ನು ನೋಡಿಕೊಳ್ಳುವವರು ಅಲ್ಲಿನ ಮಕ್ಕಳೇ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಏನೇ ಆಡಲಿ, ಅವರು ಓದುವುದು ಕನ್ನಡದಲ್ಲಿ. ಹಾಗಾಗಿ ನೆಟ್‌ವರ್ಕ್ ತೊಂದರೆ ಹುಡುಕುವ ಕೈಪಿಡಿಯನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸ್ವಿಚ್, ಪೋರ್ಟ್, ಐಪಿ ವಿಳಾಸ ಇವಕ್ಕೆ ಹೊಸ ಪದ ಬೇಡ, ಎಲ್ಲರ ಬಾಯಲ್ಲೂ ಇವೆ. ತೊಡಕಿರುವುದು ಕ್ರಿಯಾಪದಗಳಲ್ಲಿ. ಏನೇ ಕೆಟ್ಟರೂ ‘ಕನೆಕ್ಟ್ ಆಗ್ತಿಲ್ಲ’ ಅಂದುಬಿಡುತ್ತೇವೆ. ಪರದೆಯ ಮೇಲೆ ಬರುವ ಒಂದೊಂದು ಸಂದೇಶವೂ ಒಂದೊಂದು ಕಡೆ ಕೈ ತೋರಿಸುತ್ತಿರುತ್ತದೆ.

‘ಟೈಮ್ಡ್ ಔಟ್’ ಅಂದರೆ ಉತ್ತರವೇ ಬರಲಿಲ್ಲ. ಫೈರ್‌ವಾಲ್ ಎಂಬ ಕಾವಲು ಪ್ರೋಗ್ರಾಂ ನಾವು ಕಳಿಸಿದ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಸದ್ದಿಲ್ಲದೆ ನುಂಗಿರಬಹುದು. ಇದಕ್ಕೆ ‘ಓಗೊಡಲಿಲ್ಲ’ ಎಂದು ಬರೆದಿದ್ದೇನೆ. ‘ರೆಫ್ಯೂಸ್ಡ್’ ಬಂದರೆ ಎದುರಿನ ಯಂತ್ರ ಉತ್ತರ ಕೊಟ್ಟಿದೆ ಎಂದೇ ಅರ್ಥ. ಸಾಮಾನ್ಯವಾಗಿ ಆ ಪೋರ್ಟಿನಲ್ಲಿ (ಯಂತ್ರದೊಳಗಿನ ಪ್ರೋಗ್ರಾಂಗಳನ್ನು ತಲುಪುವ ಸಂಖ್ಯೆ ಹಾಕಿದ ಬಾಗಿಲಿನಲ್ಲಿ) ಕಿವಿಗೊಟ್ಟ ಪ್ರೋಗ್ರಾಂ ಇರುವುದಿಲ್ಲ, ಅಷ್ಟೇ. ‘ನಿರಾಕರಿಸಲಾಗಿದೆ’ ಅಂದರೆ ಮಕ್ಕಳು ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ.

ಉದಾಹರಣೆಗೆ, ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಯಂತ್ರ ತನ್ನ ಹೆಸರಿನ ಮುಂದೆ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ವಿಳಾಸ ಎಂಬ ಪಟ್ಟಿಯಲ್ಲಿ) 127.0.1.1 ಎಂದು ಬರೆದುಕೊಂಡಿರುವುದುಂಟು. 127ರಿಂದ ಶುರುವಾಗುವ ವಿಳಾಸ ಆ ಯಂತ್ರ ಬಿಟ್ಟು ಆಚೆ ಹೋಗದು. ಕ್ಲಸ್ಟರಿನ ಪ್ರೋಗ್ರಾಂ ಆ ಸಾಲನ್ನು ನಂಬಿ ಅಲ್ಲೇ ಕಿವಿಗೊಟ್ಟರೆ, ಪಕ್ಕದ ಯಂತ್ರದಿಂದ ಪಿಂಗ್ (‘ಇದ್ದೀಯಾ?’ ಎಂದು ವಿಚಾರಿಸುವ ಆದೇಶ) ಸಲೀಸಾಗಿ ಹೋಗುತ್ತದೆ, ಪ್ರೋಗ್ರಾಂ ಮಾತ್ರ ‘ರೆಫ್ಯೂಸ್ಡ್’. ಆ ಸಾಲಿನಲ್ಲಿ 192.168.1.12ರಂಥ ನಿಜ ವಿಳಾಸ ಬರೆದು ಪ್ರೋಗ್ರಾಂ ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ. ಇಲ್ಲಿ ಯಾರು ಯಾರನ್ನು ನಿರಾಕರಿಸಿದರು, ಹೇಳಿ!

‘ನೋ ರೂಟ್ ಟು ಹೋಸ್ಟ್’ಗೆ ‘ದಾರಿ ಇಲ್ಲ’ ಕೂಡ ಹಾದಿ ತಪ್ಪಿಸುತ್ತದೆ. ಒಂದೇ ಸ್ವಿಚ್ಚಿಗೆ ಸಿಕ್ಕಿಸಿದವುಗಳ ನಡುವೆ ದಾರಿ ಇದ್ದೇ ಇದೆ. ‘ಈ ವಿಳಾಸ ಯಾರದು?’ ಎಂದು ಎಆರ್‌ಪಿ (ಐಪಿ ವಿಳಾಸದ ಯಂತ್ರವನ್ನು ಹುಡುಕುವ ವ್ಯವಸ್ಥೆ) ಕೂಗು ಹಾಕುತ್ತದೆ, ಯಾರೂ ಓ ಅನ್ನುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಬೇರೆ ವಿಳಾಸ ಹಂಚಿ, ಹೋಸ್ಟ್ಸ್ ಫೈಲಿನಲ್ಲಿ ಹಳೆಯದೇ ಉಳಿದರೆ ಹೀಗಾಗುತ್ತದೆ. ಅಂಚೆಯವರ ‘ವಿಳಾಸದಾರರಿಲ್ಲ’ ಇದಕ್ಕೆ ಚೆನ್ನಾಗಿ ಕೂರುತ್ತದೆ. ಎಆರ್‌ಪಿಯ ಆ ಕೂಗು ಸಬ್‌ನೆಟ್ಟಿನಾಚೆ (ನೆಟ್‌ವರ್ಕಿನ ಒಂದು ತುಂಡಿನಾಚೆ) ಕೇಳದು, ಅದರ ಗಾತ್ರ ಹೇಳುವ ಮಾಸ್ಕ್ 255.255.255.0 ಇದ್ದರೆ ಅದರೊಳಗೆ 254 ಯಂತ್ರಗಳಿಗೆ ಜಾಗ. ಸಬ್‌ನೆಟ್ಟಿಗೆ ‘ಉಪಜಾಲ’ಕ್ಕಿಂತ ‘ಕೂಗಳತೆ’ ಎಷ್ಟೋ ವಾಸಿ. ತೋಟದಲ್ಲಿ ಕೂಗಿ ಕರೆಯುವವರಿಗೆ ವಿವರಿಸುವುದೇ ಬೇಡ.

ಈಗ ನನ್ನ ಪ್ರಶ್ನೆ. ‘ರೆಫ್ಯೂಸ್ಡ್’ಗೆ ‘ಕೇಳುವವರಿಲ್ಲ’ ಹೊಳೆಯಿತು. ಆದರೆ ಕನ್ನಡದಲ್ಲಿ ಕ್ಲೈಂಟ್ ಬೇಡುವುದೂ ‘ಕೇಳು’, ಸರ್ವರ್ ಕಿವಿಗೊಡುವುದೂ ‘ಕೇಳು’. ‘ದಿಕ್ಕಿಲ್ಲ’ ಎಂಬ ಅರ್ಥವೂ ಬೆರೆತುಕೊಳ್ಳುತ್ತದೆ. ‘ಆಲಿಸುವವರಿಲ್ಲ’ ಎಂದರೆ ಹದಿನೈದರ ಮಕ್ಕಳಿಗೆ ತೀರಾ ಪುಸ್ತಕದ ಮಾತಾದೀತೇ? ಆಡುಮಾತಿನಲ್ಲಿ ಬೇಡುವುದು, ಕಿವಿಗೊಡುವುದು ಈ ಎರಡನ್ನೂ ಬೇರ್ಪಡಿಸುವ ಕ್ರಿಯಾಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಒಂದು ವಾಕ್ಯದಲ್ಲಿಟ್ಟು ಬರೆದು ತಿಳಿಸಿ.