ಕ್ರೂಸ್‌ನಿಂದ ಜಮೈಕಾ ಬಿಟ್ಟುಹೋಯಿತು: ಹೋಗಬೇಕಾ, ರದ್ದು ಮಾಡಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಜಮೈಕಾದ ಫಾಲ್ಮತ್, ಆಮೇಲೆ ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೋಝುಮೆಲ್. ಇಡೀ ಟ್ರಿಪ್‌ನಲ್ಲಿ ಅಮ್ಮ ಆಸೆಪಟ್ಟಿದ್ದು ಒಂದೇ ಒಂದು. ಫಾಲ್ಮತ್ ಹತ್ತಿರ ಮಾರ್ಥಾ ಬ್ರೇ ನದಿಯಲ್ಲಿ ಬಿದಿರಿನ ತೆಪ್ಪದ ಮೇಲೆ ಕೂತು ಹೋಗುವುದು. ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಕೂತಲ್ಲೇ ಊರು ನೋಡಬಹುದಲ್ಲ ಅಂತ ನಾನೇ ಹುಡುಕಿ, ಹಡಗಿನವರನ್ನು ಬಿಟ್ಟು ಅಲ್ಲಿನ ಒಂದು ಟೂರ್‌ನವರಿಗೆ ದುಡ್ಡು ಕಟ್ಟಿದ್ದೆ.

2025ರ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಚಂಡಮಾರುತ ಜಮೈಕಾಕ್ಕೆ ಬಡಿಯಿತು. ಮೊನ್ನೆ ಕಂಪನಿಯಿಂದ ಮೇಲ್. ಫಾಲ್ಮತ್ ಇಲ್ಲ, ಆ ಜಾಗಕ್ಕೆ ಬಹಾಮಾಸ್‌ನ ನಸ್ಸೌ. ಉಳಿದ ಬಂದರುಗಳ ದಿನವೂ ಹಿಂದೆ ಮುಂದೆ ಆಗಿದೆ. ಪರಿಹಾರದ ಮಾತೇ ಇಲ್ಲ. ಪೂರ್ತಿ ದುಡ್ಡು ಕಟ್ಟಲು ಇನ್ನು ಆರು ದಿನ ಇದೆ. ಆ ಊರಿನ ಜನ ಮನೆ ಕಳೆದುಕೊಂಡಿರುವಾಗ ನಾನು ಟ್ರಿಪ್ ಬಗ್ಗೆ ಕೇಳುತ್ತಿದ್ದೇನೆ ಅಂತ ಸಂಕೋಚವೂ ಇದೆ. ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ಹೇಳಿ, ಏನು ಮಾಡಿದಿರಿ?

ಉತ್ತರ: 2017ರಲ್ಲಿ ಇದೇ ಪರಿಸ್ಥಿತಿಯಲ್ಲಿದ್ದವರು

ಸಂಕೋಚ ಬೇಡ. ನಾನೂ ಹೀಗೇ ಕೇಳಿಕೊಂಡು ಓಡಾಡಿದ್ದೆ.

ನಮ್ಮದು 2017ರ ಅಕ್ಟೋಬರ್ ಟ್ರಿಪ್. ಪೋರ್ಟೊ ರಿಕೊದ ಸ್ಯಾನ್ ವಾನ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್ ಅಂತ ಮೂರು ಬಂದರು. ಸೆಪ್ಟೆಂಬರ್ 6ಕ್ಕೆ ಇರ್ಮಾ ಚಂಡಮಾರುತ ಬಂತು, ಸೇಂಟ್ ಮಾರ್ಟನ್, ಸೇಂಟ್ ಥಾಮಸ್ ಎರಡೂ ಹೋದವು. ಎರಡು ವಾರ ಕಳೆಯಿತು, 20ಕ್ಕೆ ಮಾರಿಯಾ ಪೋರ್ಟೊ ರಿಕೊದ ಮೇಲೆ ಹಾಯಿತು. ನಮ್ಮ ಮೂರಕ್ಕೆ ಮೂರೂ ಇಲ್ಲ! ಕಂಪನಿಯವರು ಹಡಗನ್ನೇ ಪಶ್ಚಿಮಕ್ಕೆ ತಿರುಗಿಸಿದರು. ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಫೋನ್‌ನಲ್ಲಿ ಒಂದು ಗಂಟೆ ಜಗಳ ಆಡಿದೆ. ಏನೂ ಸಿಗಲಿಲ್ಲ.

ಆಮೇಲೆ ಕೂತು ಟಿಕೆಟ್‌ನ ಕರಾರು ಓದಿದೆ. ಅದನ್ನು ಮೊದಲೇ ಓದಬೇಕಿತ್ತು. ಯಾವ ಬಂದರನ್ನು ಬೇಕಾದರೂ ಬದಲಿಸುವ, ಬಿಡುವ ಹಕ್ಕು ಅವರಿಗಿದೆ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ನಾವು ಕೊಂಡಿರುವುದು ಹಡಗಿನ ಕೋಣೆ, ಊಟ, ಆ ಏಳು ದಿನ. ಬಂದರು ಸಿಕ್ಕರೆ ಸಿಕ್ಕಿತು. ಈ ಲೆಕ್ಕ ತಲೆಗೆ ಹೋದ ಮೇಲೆ ನಿರ್ಧಾರ ಸುಲಭವಾಯಿತು. ಆ ಹಡಗಿನಲ್ಲಿ ಸುಮ್ನೆ ಏಳು ದಿನ ಇರಲು ನಿಮ್ಮ ಮನೆಯವರಿಗೆ ಇಷ್ಟವಾ? ಹೌದಾದರೆ ಹೋಗಿ. ಅಮ್ಮ ಬರುತ್ತಿರುವುದೇ ತೆಪ್ಪಕ್ಕಾಗಿ ಅಂದರೆ ಈ ಆರು ದಿನದೊಳಗೆ ಯೋಚಿಸಿ.

ನಾವು ಹೋದೆವು. ಕೋಝುಮೆಲ್‌ನಲ್ಲಿ ವಿಪರೀತ ಜನ. ನಮ್ಮ ಹಾಗೇ ದಿಕ್ಕು ಬದಲಿಸಿದ ಹಡಗುಗಳೆಲ್ಲ ಅಲ್ಲಿಗೇ ಬಂದಿದ್ದವು. ಟ್ಯಾಕ್ಸಿ ಸಾಲಿನಲ್ಲೇ ಮುಕ್ಕಾಲು ಗಂಟೆ ಹೋಯಿತು. ನಸ್ಸೌನಲ್ಲೂ ಒಂದೇ ದಿನ ಹಲವು ಹಡಗು ನಿಲ್ಲುತ್ತವೆ. ಹಿರಿಯರಿದ್ದಾರೆ ಅಂದರೆ ಬೆಳಗ್ಗೆ ಬೇಗ ಇಳಿದು ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದುಬಿಡಿ.

ಇನ್ನೊಂದು ಮಾತು, ಇದೇ ನನಗೆ ಮುಖ್ಯ. 2018ರ ಫೆಬ್ರವರಿಯಲ್ಲಿ ಅದೇ ಮೂರು ದ್ವೀಪಗಳ ಟ್ರಿಪ್ ಮತ್ತೆ ಹಾಕಿದೆವು. ಅಷ್ಟರಲ್ಲಿ ಮೂರೂ ಬಂದರು ತೆರೆದಿದ್ದವು. ಡಿಸೆಂಬರ್ ಹೊತ್ತಿಗೇ ಹಡಗು ಬರಲು ಶುರುವಾಗಿತ್ತು. ಸೇಂಟ್ ಥಾಮಸ್ ಗುಡ್ಡದ ಮೇಲೆ ಮನೆ ಮನೆಗೂ ನೀಲಿ ಟಾರ್ಪಾಲು. ಸೇಂಟ್ ಮಾರ್ಟನ್‌ನ ಸಿಂಪ್ಸನ್ ಬೇ ಹಿನ್ನೀರಿನಲ್ಲಿ ಮುಳುಗಿದ ದೋಣಿಗಳ ಕಂಬ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ನಮ್ಮ ಡ್ರೈವರ್‌ಗೆ ಅರವತ್ತು ದಾಟಿರಬೇಕು. ವ್ಯಾನಿನ ಹಿಂದಿನ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದ. "ಮನೆ ಆಮೇಲೆ ಮಾಡಿಕೊಳ್ಳುತ್ತೇನೆ, ಮೊದಲು ವ್ಯಾನಿನ ಇಂಜಿನ್ ರಿಪೇರಿ ಮಾಡಿಸಿದೆ. ಹಡಗು ಬಂದಾಗ ಗಾಡಿ ಇರಬೇಕಲ್ಲ" ಅಂದ. ನಮ್ಮನ್ನು ಇಳಿಸುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಸಲ ಜಮೈಕಾ ತಪ್ಪಿದರೆ ಮುಂದಿನ ಸಲ ಜಮೈಕಾ ಇರುವ ಹಡಗನ್ನೇ ಆರಿಸಿ. ಬಂದರು ತೆರೆದ ಮೇಲೂ "ಅಲ್ಲಿ ಏನಿದೆ ನೋಡಲು" ಅಂತ ಹಡಗಿನಲ್ಲೇ ಕೂರಬೇಡಿ. ಇಳಿಯಿರಿ.

ಉತ್ತರ: ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ ಮಾಡುವವರು

ಮೇಲಿನವರು ಮನಸ್ಸಿನ ವಿಷಯ ಹೇಳಿದರು. ನಾನು ದುಡ್ಡಿನದ್ದು ಹೇಳುತ್ತೇನೆ.

ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಈ ಆರು ದಿನ. ಪೂರ್ತಿ ದುಡ್ಡು ಕಟ್ಟುವ ಮೊದಲು ಡೆಪಾಸಿಟ್ ವಾಪಸ್ ಬರುವ ದರವಾ, ಬರದ ದರವಾ ಅಂತ ಬುಕಿಂಗ್ ಕಾಗದದಲ್ಲಿ ಇವತ್ತೇ ನೋಡಿ. ವಾಪಸ್ ಬರುವುದಾದರೆ ಯಾವ ನಷ್ಟವೂ ಇಲ್ಲದೆ ಹೊರಗೆ ಬರಬಹುದು. ಬರದಿದ್ದರೂ ಡೆಪಾಸಿಟ್ ಅನ್ನು ಬೇರೆ ತಾರೀಖಿಗೆ ತಿರುಗಿಸಿಕೊಡುತ್ತೀರಾ ಅಂತ ಕೇಳಿ. ಬಂದರು ಬದಲಾಗಿರುವ ಈ ಹೊತ್ತಿನಲ್ಲಿ ಕೆಲವೊಮ್ಮೆ ಒಪ್ಪುತ್ತಾರೆ. ಜಗಳ ಬೇಡ, ಮೆತ್ತಗೆ ಕೇಳಿ. ಫೋನ್ ಎತ್ತಿದವರ ಕೈಯಲ್ಲಿ ಸ್ವಲ್ಪ ಅಧಿಕಾರ ಇರುತ್ತದೆ, ಅದನ್ನು ಬಳಸುವುದು ಅವರ ಮನಸ್ಸು. ಗಡುವು ದಾಟಿತು ಅಂದರೆ ದಿನ ಹತ್ತಿರ ಬಂದ ಹಾಗೆ ರದ್ದತಿಯ ದಂಡ ಏರುತ್ತಾ ಹೋಗುತ್ತದೆ, ಕೊನೆಗೆ ಪೂರ್ತಿ ಮೊತ್ತವೇ ಹೋಗುತ್ತದೆ.

ಟಿಕೆಟ್ ಬೆಲೆಯಲ್ಲಿ ಪ್ರತಿ ಬಂದರಿನ ತೆರಿಗೆ, ಶುಲ್ಕ ಸೇರಿರುತ್ತದೆ. ಬಂದರು ಬಿಟ್ಟರೆ ಅದನ್ನು ವಾಪಸ್ ಕೊಡುತ್ತಾರೆ, ಸಾಮಾನ್ಯವಾಗಿ ಹಡಗಿನಲ್ಲಿನ ನಿಮ್ಮ ಖಾತೆಗೆ ಜಮಾ ಮಾಡುತ್ತಾರೆ. ನಿಮಗೆ ಬದಲಿ ಬಂದರು ಸಿಕ್ಕಿರುವುದರಿಂದ ವ್ಯತ್ಯಾಸ ಇದ್ದರೆ ಮಾತ್ರ ಬರಬಹುದು. ದೊಡ್ಡ ಮೊತ್ತ ನಿರೀಕ್ಷಿಸಬೇಡಿ.

ಹಡಗಿನವರ ಮೂಲಕ ಬುಕ್ ಮಾಡಿದ ಟೂರ್ ಆಗಿದ್ದರೆ ದುಡ್ಡು ತಾನಾಗಿ ವಾಪಸ್ ಬರುತ್ತಿತ್ತು. ನಿಮ್ಮದು ಹೊರಗಿನದ್ದು, ನೀವೇ ಬರೆಯಬೇಕು. ಹಡಗು ಬರದಿದ್ದರೆ ಪೂರ್ತಿ ವಾಪಸ್ ಅನ್ನುವ ನಿಯಮ ತುಂಬಾ ಜನ ಇಟ್ಟುಕೊಂಡಿರುತ್ತಾರೆ. ಕಂಪನಿಯ ಮೇಲ್ ಲಗತ್ತಿಸಿ ಕಳಿಸಿ. ಉತ್ತರ ತಡವಾದರೆ ತಾಳ್ಮೆ ಇರಲಿ, ಅವರಿಗೆ ಕರೆಂಟ್ ಇದೆಯೋ ಇಲ್ಲವೋ. ಹಾಗೇ ಕೇಮನ್, ಕೋಝುಮೆಲ್‌ನಲ್ಲಿ ಏನಾದರೂ ಹೊರಗಡೆ ಬುಕ್ ಮಾಡಿದ್ದರೆ ಆ ತಾರೀಖುಗಳನ್ನು ಇವತ್ತೇ ಬದಲಿಸಿ. ಬಿಟ್ಟುಹೋದ ಬಂದರಿನ ಚಿಂತೆಯಲ್ಲಿ ಉಳಿದ ಬಂದರುಗಳ ದಿನ ಬದಲಾಗಿದ್ದನ್ನು ಮರೆಯುವವರೇ ಜಾಸ್ತಿ.

ಇನ್ಶೂರೆನ್ಸ್ ವಿಷಯ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಕೊಂಡ ಪಾಲಿಸಿ ಆ ಚಂಡಮಾರುತದ ನಷ್ಟಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಮೆಲಿಸ್ಸಾಕ್ಕೆ ಹೆಸರು ಬಿದ್ದದ್ದು ಅಕ್ಟೋಬರ್ 21ಕ್ಕೆ. ನಿಮ್ಮ ಪಾಲಿಸಿ ಅದಕ್ಕಿಂತ ಹಳೆಯದಾ ನೋಡಿ. ಹಳೆಯದಾದರೂ ಒಂದು ಬಂದರು ಬದಲಾಯಿತು ಅನ್ನುವುದು ಟ್ರಿಪ್ ರದ್ದು ಮಾಡಲು ಕಾರಣ ಅಂತ ಮಾಮೂಲಿ ಪಾಲಿಸಿ ಒಪ್ಪುವುದಿಲ್ಲ. ಕೆಲವು ಪಾಲಿಸಿಗಳು ಇಂಥ ಬದಲಾವಣೆಗೆ ತಲೆಗಿಷ್ಟು ಅಂತ ಒಂದು ಸಣ್ಣ ಮೊತ್ತ ಕೊಡುತ್ತವೆ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದು ಅನ್ನುವ ಪಾಲಿಸಿಯೂ ಇದೆ, ಅದು ಸಾಮಾನ್ಯವಾಗಿ ಶೇ 50ರಿಂದ 75ರಷ್ಟು ಕೊಡುತ್ತದೆ. ಆದರೆ ಮೊದಲ ಡೆಪಾಸಿಟ್ ಕಟ್ಟಿದ ಎರಡು ಮೂರು ವಾರದೊಳಗೇ ಅದನ್ನು ತಗೊಂಡಿರಬೇಕು.

ಇನ್ನು ವೀಸಾ. ಇದನ್ನು ಯಾರೂ ಕೇಳುವುದಿಲ್ಲ. ಅಪ್ಪ ಅಮ್ಮನದ್ದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಬಂದರು ಬದಲಾದಾಗ ದೇಶವೂ ಬದಲಾಯಿತು. ಬಹಾಮಾಸ್ ನಿಯಮ ಏನು ಅಂತ ಕಂಪನಿಯಿಂದ ಮೇಲ್‌ನಲ್ಲೇ ಉತ್ತರ ತರಿಸಿ, ಪ್ರಿಂಟ್ ಇಟ್ಟುಕೊಳ್ಳಿ. ಅಮೆರಿಕದ ವೀಸಾ ಹಲವು ಬಾರಿ ಪ್ರವೇಶಕ್ಕೆ ಇರುವಂಥದ್ದಾ ಅಂತಲೂ ನೋಡಿ, ಹಡಗು ವಾಪಸ್ ಬಂದಾಗ ಅವರು ಮತ್ತೆ ಒಳಗೆ ಬರಬೇಕಲ್ಲ.

ಉತ್ತರ: ಹಡಗಿನಲ್ಲೇ ಕೆಲಸ ಮಾಡುವವರು

ನಾನು ಡೆಕ್ ವಿಭಾಗದಲ್ಲಿದ್ದೇನೆ. "ಬಂದರಿನ ಕಟ್ಟಡ ನಿಂತೇ ಇದೆಯಲ್ಲ, ಯಾಕೆ ಹೋಗುವುದಿಲ್ಲ" ಅಂತ ಪ್ರಯಾಣಿಕರು ಕೇಳುತ್ತಾರೆ. ತೂಫಾನು ಹೋದ ಮೇಲೆ ನೀರಿನ ಅಡಿ ಏನಾಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮರಳು ಬಂದು ಆಳ ಕಡಿಮೆ ಆಗಿರಬಹುದು. ಕಂಟೇನರ್, ದೋಣಿ, ಮರ ಏನು ಬೇಕಾದರೂ ಬಿದ್ದಿರಬಹುದು. ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯಾಗಳು ಜಾಗ ಬಿಟ್ಟು ಹೋಗಿರುತ್ತವೆ. ಆಳ ಅಳೆದು, ಮುಳುಗುಗಾರರು ಧಕ್ಕೆಯ (ಹಡಗು ಕಟ್ಟುವ ಕಟ್ಟೆಯ) ಕಂಬ ನೋಡಿ, ಆಮೇಲೆ ಹಡಗಿಗೆ ಒಪ್ಪಿಗೆ. ಇದು ಬೇಗ ಮುಗಿದರೂ ಊರು ತಯಾರಿರಬೇಕು. ಮೂರು ನಾಲ್ಕು ಸಾವಿರ ಜನ ಒಮ್ಮೆಗೇ ಇಳಿದರೆ ರಸ್ತೆ, ನೀರು, ಆಸ್ಪತ್ರೆ ಬೇಡವಾ? ಇರುವ ಡೀಸೆಲ್ಲು, ನೀರು ಮೊದಲು ಊರಿನವರಿಗೆ ಸಿಗಬೇಕು.

ಬದಲಿಗೆ ನಸ್ಸೌ ಯಾಕೆ ಅಂತಲೂ ನಿಮಗೆ ಅನ್ನಿಸಿರಬಹುದು. ಧಕ್ಕೆಯಲ್ಲಿ ಜಾಗವನ್ನು ಬಹಳ ಮೊದಲೇ ಕಾದಿರಿಸುತ್ತಾರೆ. ಒಂದು ಬಂದರು ಮುಚ್ಚಿದರೆ ಎಲ್ಲ ಕಂಪನಿಗಳೂ ಉಳಿದ ಬಂದರುಗಳಿಗೆ ಮುಗಿಬೀಳುತ್ತವೆ. ಖಾಲಿ ಇದ್ದದ್ದು ಸಿಗುತ್ತದೆ. ಹತ್ತಿರ ಅಂತ ಅಮೆರಿಕದ್ದೇ ಬಂದರುಗಳನ್ನು ಸುತ್ತಿಸಿ ತರಲೂ ಆಗದು. 1886ರ ಒಂದು ಕಾನೂನಿದೆ, ಹೊರದೇಶದ ಬಾವುಟದ (ಅಂದರೆ ಹೊರದೇಶದಲ್ಲಿ ನೋಂದಣಿಯಾದ) ಹಡಗು ಅಮೆರಿಕದಿಂದ ಹೊರಟು ಅಲ್ಲಿಗೇ ವಾಪಸ್ ಬರುವುದಾದರೆ ನಡುವೆ ಒಂದು ವಿದೇಶಿ ಬಂದರಾದರೂ ಮುಟ್ಟಬೇಕು. ಹೆಚ್ಚಿನ ಕ್ರೂಸ್ ಹಡಗುಗಳದ್ದು ಹೊರದೇಶದ ಬಾವುಟವೇ.

ನಿಮ್ಮ ಅಮ್ಮನ ಮೊಣಕಾಲಿನ ವಿಷಯ ಓದಿ ಒಂದು ಮಾತು ಹೇಳಲೇಬೇಕು. ನಸ್ಸೌ, ಕೋಝುಮೆಲ್‌ನಲ್ಲಿ ಹಡಗು ಧಕ್ಕೆಗೇ ಕಟ್ಟುತ್ತದೆ, ನಡೆದು ಇಳಿಯಬಹುದು. ಗ್ರ್ಯಾಂಡ್ ಕೇಮನ್‌ನಲ್ಲಿ ಕ್ರೂಸ್ ಹಡಗಿಗೆ ಧಕ್ಕೆ ಇಲ್ಲ. ನಡುನೀರಿನಲ್ಲಿ ನಿಂತು ಸಣ್ಣ ಟೆಂಡರ್ ಬೋಟಿಗೆ ಹತ್ತಿಸುತ್ತೇವೆ. ಬೋಟು ಅಲೆಗೆ ಮೇಲೆ ಕೆಳಗೆ ಆಡುತ್ತಿರುತ್ತದೆ, ಸರಿಯಾದ ಕ್ಷಣ ನೋಡಿ ಕಾಲಿಡಬೇಕು. ಇಬ್ಬರು ಹುಡುಗರು ಎರಡೂ ತೋಳು ಹಿಡಿದುಕೊಳ್ಳುತ್ತಾರೆ. "ಈಗ" ಅಂದಾಗ ಅಮ್ಮ ಹೆಜ್ಜೆ ಇಟ್ಟರೆ ಸಾಕು, ಹೆದರಿ ಅರ್ಧಕ್ಕೆ ನಿಲ್ಲಬಾರದು. ಫೆಬ್ರವರಿಯಲ್ಲಿ ಉತ್ತರದ ಗಾಳಿ ಜೋರಾದರೆ ಮಾಮೂಲಿಯಾಗಿ ಇಳಿಸುವ ಜಾರ್ಜ್ ಟೌನ್ ಬಿಟ್ಟು ದಕ್ಷಿಣದ ಸ್ಪಾಟ್ಸ್‌ನಲ್ಲಿ ಇಳಿಸುತ್ತಾರೆ, ಅಲ್ಲೂ ಆಗದಿದ್ದರೆ ಕೇಮನ್ ಕೂಡ ತಪ್ಪುತ್ತದೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ.

ಮೆಲಿಸ್ಸಾ ಬಂದ ದಿನ ನಮ್ಮ ಅಡುಗೆಮನೆಯಲ್ಲಿ ಜಮೈಕಾದ ಒಬ್ಬ ಹುಡುಗ ಪಾತ್ರೆ ತೊಳೆಯುವ ಜಾಗದಲ್ಲಿ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡಿದ್ದ. ರಿಂಗ್ ಆದರೆ ಒದ್ದೆ ಕೈಯಲ್ಲೇ ಎತ್ತಲು. ಮೂರನೇ ದಿನ ಅಕ್ಕನ ದನಿ ಕೇಳಿತು. ನೀವು ಹಡಗಿಗೆ ಬಂದರೆ ಅಂಥವರು ನಿಮ್ಮ ಟೇಬಲ್ಲಿಗೇ ಊಟ ಬಡಿಸುತ್ತಿರಬಹುದು. ಊರಲ್ಲಿ ಎಲ್ಲರೂ ಹೇಗಿದ್ದಾರೆ ಅಂತ ಒಂದು ಮಾತು ಕೇಳಿ. ಅವರಿಗೆ ಅದು ಬೇಕಾಗಿರುತ್ತದೆ.

ಉತ್ತರ: 2024ರಲ್ಲಿ ತಡವಾಗಿ ವಾಪಸ್ ಬಂದವರು

ನಮ್ಮದು ಬೇರೆ ಥರ. 2024ರ ಅಕ್ಟೋಬರ್ 9ಕ್ಕೆ ಮಿಲ್ಟನ್ ಚಂಡಮಾರುತ ಫ್ಲೋರಿಡಾಕ್ಕೆ ಬಡಿದಾಗ ನಾವು ಹಡಗಿನಲ್ಲೇ ಇದ್ದೆವು. ಹೊರಟ ಬಂದರೇ ಮುಚ್ಚಿತ್ತು, ವಾಪಸ್ ಬರುವುದು ಎರಡು ದಿನ ತಡವಾಯಿತು. ಊಟ, ಕೋಣೆಗೆ ತೊಂದರೆ ಆಗಲಿಲ್ಲ. ಕಷ್ಟ ಆಗಿದ್ದು ಮಾವನ ಬಿಪಿ ಮಾತ್ರೆಯದ್ದು. ಅತ್ತೆ ಲೆಕ್ಕ ಹಾಕಿ ಏಳು ದಿನಕ್ಕೆ ಅಂತ ಡಬ್ಬಿ ತುಂಬಿದ್ದರು. ಎಂಟನೇ ದಿನ ಬೆಳಗ್ಗೆ ಡಬ್ಬಿಯ ಎಲ್ಲ ಮನೆಯನ್ನೂ ತೆರೆದು ತೆರೆದು ನೋಡುತ್ತಿದ್ದರು, ಎಲ್ಲಾದರೂ ಒಂದು ಉಳಿದಿದೆಯಾ ಅಂತ. ಹಡಗಿನ ಡಾಕ್ಟರ್ ಹತ್ತಿರ ಸಿಕ್ಕಿತು, ಪುಣ್ಯ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಫೆಬ್ರವರಿಯಲ್ಲಿ ನಿಮಗೆ ಆ ಭಯ ಇಲ್ಲ. ಆದರೂ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ. ವಿಮಾನ ಒಂದು ದಿನ ಮೊದಲೇ ತಲುಪುವ ಹಾಗೆ ಮಾಡಿ, ವಾಪಸ್ ವಿಮಾನವನ್ನು ಹಡಗು ಬರುವ ದಿನ ಬೆಳಗ್ಗೆಗೇ ಹಾಕಬೇಡಿ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಹಡಗಿನವರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಆ ಹುಡುಗನ ಅಕ್ಕನ ದನಿ ಕೇಳಿದ ಜಾಗಕ್ಕೆ ಬಂದಾಗ ಅಮ್ಮ ಕಣ್ಣು ಒರೆಸಿಕೊಂಡರು. ಆಮೇಲೆ ಅವರೇ ಹೇಳಿದರು, ತೆಪ್ಪ ಎಲ್ಲಿಗೂ ಓಡಿಹೋಗುವುದಿಲ್ಲ, ಅಪ್ಪನಿಗೆ ಸಮುದ್ರ ನೋಡಬೇಕು, ಹೋಗೋಣ ಅಂತ.

ಇವತ್ತು ಕಂಪನಿಗೆ ಫೋನ್ ಮಾಡಿದೆ. ಡೆಪಾಸಿಟ್ ವಾಪಸ್ ಬರುವ ದರವೇ ಆಗಿತ್ತು, ಆದರೂ ಇಟ್ಟುಕೊಂಡೆವು. ಮೆತ್ತಗೆ ಕೇಳಿದ್ದಕ್ಕೆ ಅಪ್ಪ ಅಮ್ಮನ ಕೋಣೆಯನ್ನು ಲಿಫ್ಟ್ ಹತ್ತಿರಕ್ಕೆ ಬದಲಿಸಿಕೊಟ್ಟರು, ಅದಕ್ಕೆ ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಬಹಾಮಾಸ್ ವೀಸಾದ ಬಗ್ಗೆ ಮೇಲ್ ಕಳಿಸುತ್ತೇವೆ ಅಂದಿದ್ದಾರೆ, ಅದು ಬಂದ ಮೇಲೇ ಉಳಿದ ದುಡ್ಡು ಕಟ್ಟುತ್ತೇನೆ. ಕೋಝುಮೆಲ್ ಟೂರ್ ತಾರೀಖು ನಿಜಕ್ಕೂ ತಪ್ಪಾಗಿತ್ತು, ಸರಿ ಮಾಡಿದೆ.

ತೆಪ್ಪದವರಿಗೆ ಬರೆದಿದ್ದೆ. ನಿನ್ನೆ ರಾತ್ರಿ ಉತ್ತರ ಬಂತು, ಎರಡೇ ಸಾಲು. ದುಡ್ಡು ವಾಪಸ್ ಕೊಡುತ್ತೇವೆ, ಸ್ವಲ್ಪ ದಿನ ಕೊಡಿ, ಈಗ ಬಿದಿರು ಕಡಿದು ಹೊಸ ತೆಪ್ಪ ಕಟ್ಟುತ್ತಿದ್ದೇವೆ ಅಂತ. ದುಡ್ಡು ನಿಮ್ಮ ಹತ್ತಿರವೇ ಇರಲಿ, ನಾವು ಬಂದಾಗ ಹತ್ತಿಸಿಕೊಳ್ಳಿ ಅಂತ ಬರೆದು ಕಳಿಸಿದ್ದೇನೆ.