ಅಮ್ಮನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ‘ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್’ ಅಂತ ಬಂದಿದೆ. ಹೆದರಬೇಕಾ?

ಅರಸೀಕೆರೆ ಹುಡುಗಿ:
ನಮ್ಮಮ್ಮನಿಗೆ 63 ವರ್ಷ. ಬಿಪಿ ಶುರುವಾಗಿ ಹನ್ನೊಂದು ವರ್ಷ ಆಯ್ತು. ಮಾತ್ರೆ ಸ್ಟೀಲ್ ಡಬ್ಬಿಯಲ್ಲೇ ಇರುತ್ತದೆ, ತಲೆ ಸುತ್ತಿದ ದಿನ ಮಾತ್ರ ನುಂಗುತ್ತಾರೆ. ಮಂಡಿ ಆಪರೇಷನ್‌ಗೆ ಮೊದಲು ಎಕೋ ಮಾಡಿಸಿದೆವು. ಇಎಫ್ 62%, ಪಂಪಿಂಗ್ ಚೆನ್ನಾಗಿದೆ ಅಂದರು. ಕೆಳಗೆ ನೋಡಿದರೆ ಈ ಗ್ರೇಡ್ 1 ಸಾಲು. ‘ವಯಸ್ಸಿಗೆ ಬರುತ್ತೆ ಬಿಡಿ’ ಅಂತ ಒಂದೇ ಮಾತಲ್ಲಿ ಕಳಿಸಿದರು. ಅಮ್ಮ ಅವತ್ತಿನಿಂದ ‘ನನ್ನ ಹಾರ್ಟು ಕೆಟ್ಟಿದೆ’ ಅಂತ ಮಹಡಿ ಹತ್ತುವುದನ್ನೇ ಬಿಟ್ಟಿದ್ದಾರೆ. ಪಂಪಿಂಗ್ ಸರಿ ಇದ್ದ ಮೇಲೆ ಕೆಟ್ಟಿರುವುದು ಏನು? ಇದಕ್ಕೆ ಮಾತ್ರೆ ಯಾಕೆ ಬರೆಯಲಿಲ್ಲ?

ಎಕೋ ರೂಮಿನ ಅಕ್ಕ:
ತಂಗಿ, ನಾನು 14 ವರ್ಷದಿಂದ ಎಕೋ ಮಾಡುತ್ತಿದ್ದೇನೆ. ಈ ಸಾಲು ಓದಿ ಅಳುವವರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ. ಅಮ್ಮನಿಗೆ ಮೊದಲು ಧೈರ್ಯ ಹೇಳು.

ಹೃದಯಕ್ಕೆ ಎರಡು ಕೆಲಸ. ಹಿಂಡುವುದು ಒಂದು, ಸಡಿಲವಾಗಿ ರಕ್ತ ತುಂಬಿಸಿಕೊಳ್ಳುವುದು ಇನ್ನೊಂದು. ಇಎಫ್ ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. ಅದು ಹೇಳುವುದು ಹಿಂಡುವುದನ್ನು ಮಾತ್ರ. ಅಮ್ಮನಿಗೆ ಸಡಿಲವಾಗುವುದು ನಿಧಾನ ಆಗಿದೆ, ಡಯಾಸ್ಟೊಲಿಕ್ ತೊಂದರೆ ಅಂದರೆ ಇದೇ. ನಮ್ಮ ಪರದೆ ಮೇಲೆ ಪ್ರತಿ ಬಡಿತಕ್ಕೂ ಎರಡು ಗುಡ್ಡದಂತೆ ಅಲೆ ಮೂಡುತ್ತದೆ. ಹೃದಯ ಸಡಿಲವಾದಾಗ ರಕ್ತ ತಾನಾಗಿ ಇಳಿದು ಬರುವುದು ಮೊದಲನೆಯದು, ಅದಕ್ಕೆ ಇ ಅನ್ನುತ್ತೇವೆ. ಮೇಲಿನ ಕೋಣೆ ಕೊನೆಯಲ್ಲಿ ತಳ್ಳುವುದು ಎರಡನೆಯದು, ಎ. ಹರೆಯದಲ್ಲಿ ಮೊದಲ ಗುಡ್ಡ ಎತ್ತರ. ಗ್ರೇಡ್ 1ರಲ್ಲಿ ಎರಡನೆಯದು ಎತ್ತರ. 60 ದಾಟಿದವರಲ್ಲಿ ಇದು ತುಂಬಾ ಸಾಮಾನ್ಯ.

ಆದರೆ ಬರೀ ವಯಸ್ಸು ಅಂತ ಬಿಡಬೇಡ. ಬಾವಿ ನೀರು ಸೇದಿ ಸೇದಿ ತೋಳು ಗಟ್ಟಿಯಾಗುತ್ತದೆ ಅಲ್ವಾ, ಹಾಗೇ ಜಾಸ್ತಿ ಬಿಪಿಯ ಎದುರು ವರ್ಷಗಟ್ಟಲೆ ಹಿಂಡಿ ಹೃದಯದ ಗೋಡೆಯೂ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಶುಗರ್, ಬೊಜ್ಜು, ಕಿಡ್ನಿ ತೊಂದರೆ, ರಕ್ತನಾಳದ ಬ್ಲಾಕ್, ಗೊರಕೆಯ ನಡುವೆ ಉಸಿರು ನಿಲ್ಲುವ ಕಾಯಿಲೆ, ಇವೂ ಕಾರಣ ಆಗಬಹುದು. ನೀನು ಹೇಳಿದ್ದರಲ್ಲಿ ನನಗೆ ಕಾಣುವುದು ಆ ಸ್ಟೀಲ್ ಡಬ್ಬಿಯೇ. ಬಿಪಿ ಏರಿದ್ದು ತಲೆಗೆ ಗೊತ್ತಾಗಲೇಬೇಕು ಅಂತಿಲ್ಲ. ಗ್ರೇಡ್ 1ಕ್ಕೆ ಅಂತ ಬೇರೆ ಮಾತ್ರೆ ಇಲ್ಲ. ಬಿಪಿ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳುವುದೇ ಅದರ ಮದ್ದು.

ಇನ್ನೊಂದು ಕೇಳಬೇಕು. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗುತ್ತಾರಾ? ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ತರದವು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ. ಡಾಕ್ಟರಿಗೆ ಇದನ್ನು ಹೇಳಲೇಬೇಕು.

ತುಮಕೂರು ಮೇಷ್ಟ್ರು:
ನಮ್ಮ ತಂದೆಯದು ಇದರ ಮುಂದಿನ ಹಂತ, ಗ್ರೇಡ್ 2. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಕಣಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟಿ ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ನಾವು ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ತಿಂಗಳು ಕಳೆದೆವು. ಆ ಎರಡು ತಿಂಗಳು ಇವತ್ತಿಗೂ ಚುಚ್ಚುತ್ತದೆ. ಇಎಫ್ ಸರಿ ಇದ್ದೂ ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ಕೆಲಸ ನಿಭಾಯಿಸಲಾಗದೆ ಮೈಯಲ್ಲಿ ನೀರು ನಿಲ್ಲುವುದು) ಆಗಬಹುದು ಅಂತ ನಮಗೆ ಆಗಲೇ ಗೊತ್ತಾಗಿದ್ದು.

ನೀರು ಇಳಿಯಲು ಟಾರ್ಸೆಮೈಡ್ ಕೊಟ್ಟರು. ಜೊತೆಗೆ ಡಪಾಗ್ಲಿಫ್ಲೋಜಿನ್. ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆ ಯಾಕೆ ಅಂತ ಗಾಬರಿಯಾಗಿ ಕೇಳಿದೆ. ಇಂಥ ಹಾರ್ಟ್ ಫೇಲ್ಯೂರಿನಲ್ಲಿ ಆಸ್ಪತ್ರೆ ಸೇರುವುದನ್ನು ಇದೂ ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್ನೂ ಕಡಿಮೆ ಮಾಡುತ್ತವೆ ಅಂತ 2021, 2022ರ ದೊಡ್ಡ ಪ್ರಯೋಗಗಳಲ್ಲಿ ಕಂಡಿದೆಯಂತೆ. ನಿಮ್ಮಮ್ಮನಿಗೆ ಬರೀ ಗ್ರೇಡ್ 1, ಸುಸ್ತಿಲ್ಲ, ಊತ ಇಲ್ಲ ಅಂದರೆ ಇವು ಬೇಕಾಗುವುದಿಲ್ಲ. ನೀವಾಗೇ ತಂದು ಕೊಡಬೇಡಿ.

ಮೈಯಲ್ಲಿ ಮತ್ತೆ ನೀರು ನಿಲ್ಲುತ್ತಿದೆಯಾ ಅಂತ ತಿಳಿಯಲು ತಂದೆ ಈಗ ದಿನಾ ಬೆಳಗ್ಗೆ ತೂಕ ನೋಡುತ್ತಾರೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಿ ಅಂದಿದ್ದಾರೆ ಡಾಕ್ಟರು.

ಅರಸೀಕೆರೆ ಹುಡುಗಿ:
ಅಕ್ಕ, ಮೇಷ್ಟ್ರೇ, ಇಬ್ಬರಿಗೂ ಕೈ ಮುಗಿಯುತ್ತೇನೆ. ಅಮ್ಮನ ಕಾಲು ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. ನೋವಿನ ಮಾತ್ರೆ ಮಾತ್ರ ಸೀರೆ ಬೀರುವಿನಲ್ಲಿ ಎರಡು ಪಟ್ಟಿ ಸಿಕ್ಕಿತು. ವಾರದಲ್ಲಿ ನಾಲ್ಕು ದಿನ ನುಂಗುತ್ತಿದ್ದರಂತೆ.

ಎಕೋ ರೂಮಿನ ಅಕ್ಕ:
ಆ ಪಟ್ಟಿಗಳನ್ನೇ ತೆಗೆದುಕೊಂಡು ಹೋಗಿ ತೋರಿಸು. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿಸು. ಇಡೀ ದಿನಕ್ಕೆ ಉಪ್ಪು ಒಂದು ಸಣ್ಣ ಚಮಚ, ಐದು ಗ್ರಾಂ ದಾಟಬಾರದು. ಮಂಡಿ ಬಿಟ್ಟಷ್ಟು ನಡೆಸು. ನಡೆದಷ್ಟೂ ಒಳ್ಳೆಯದು.

ಅರಸೀಕೆರೆ ಹುಡುಗಿ:
ಆರು ದಿನದಿಂದ ಅಮ್ಮ ಮಾತ್ರೆ ತಪ್ಪಿಸಿಲ್ಲ. ಬಿಪಿಯನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ತಾವೇ ಬರೆಯುತ್ತಿದ್ದಾರೆ. ಮೊದಲ ದಿನ 168/96, ಇವತ್ತು 148/88. ಸೋಮವಾರ ಡಾಕ್ಟರ ಹತ್ತಿರ ಹೋಗುವಾಗ ಕ್ಯಾಲೆಂಡರನ್ನೇ ಗೋಡೆಯಿಂದ ಇಳಿಸಿಕೊಂಡು ಹೋಗುತ್ತೇವೆ.